ಕಟ್ಟಡ ಕಾಂಟ್ರಾಕ್ಟ್‌ಗೆ ಇಳಿಯುವ ಮುನ್ನ: ಸ್ವಂತ ಹೆಸರೋ, ಪಾಲುದಾರಿಕೆಯೋ, ಎಲ್‌ಎಲ್‌ಪಿಯೋ, ಕಂಪನಿಯೋ?

"ಪ್ರೈವೇಟ್ ಲಿಮಿಟೆಡ್ ಮಾಡಿಸಿದ್ರೆ ಟ್ಯಾಕ್ಸ್ ಕಮ್ಮಿ ಬೀಳುತ್ತಂತೆ, ಹೌದಾ?" ಹೊಸದಾಗಿ ಕಟ್ಟಡದ ಕಾಂಟ್ರಾಕ್ಟ್ ಶುರು ಮಾಡುವವರು ಮೊದಲು ಕೇಳುವುದು ಇದನ್ನೇ. ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಸೈಟ್ ನೋಡಿಕೊಂಡ ಹುಡುಗರೂ ಕೇಳುತ್ತಾರೆ, ಇಪ್ಪತ್ತು ವರ್ಷ ಮೇಸ್ತ್ರಿಯಾಗಿದ್ದು ಈಗ ತಮ್ಮದೇ ಬೋರ್ಡ್ ಹಾಕಲು ಹೊರಟವರೂ ಕೇಳುತ್ತಾರೆ. ಕೆಲವು ಸಲ ಕಮ್ಮಿ ಬೀಳುವುದು ನಿಜ. ಆದರೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ನಿಮ್ಮ ಬಿಲ್ಲು ಯಾರ ಹೆಸರಿಗೆ ಹೋಗುತ್ತದೆ? ಮನೆ ಕಟ್ಟಿಸುವ ಸಂಸಾರಸ್ಥರಿಗಾ, ದೊಡ್ಡ ಗುತ್ತಿಗೆದಾರರಿಗಾ, ಲೋಕೋಪಯೋಗಿ ಇಲಾಖೆಗಾ, ಅಥವಾ ನೀವೇ ಫ್ಲ್ಯಾಟ್ ಕಟ್ಟಿ ಮಾರುತ್ತೀರಾ? ಇದು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ. ತೆರಿಗೆ ದರದ ವ್ಯತ್ಯಾಸ ಅದರ ಮುಂದೆ ಸಣ್ಣದು.

ಇಲ್ಲಿರುವ ಲೆಕ್ಕಗಳು ಕರ್ನಾಟಕದಲ್ಲಿ ಕೆಲಸ ಮಾಡುವವರಿಗೆ, 2025-26ರ ದರದಲ್ಲಿ. ಇನ್ನೊಂದು ಮಾತು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದೆ, ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಆಡಿಟರ್ ಆಫೀಸಿನಲ್ಲಿ ಎಲ್ಲರ ಬಾಯಲ್ಲಿ ಇರುವುದು ಹಳೆಯ ಸಂಖ್ಯೆಗಳೇ, ಹಾಗಾಗಿ ನಾನೂ ಅವನ್ನೇ ಬರೆಯುತ್ತೇನೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು ಹೊಣೆ. ಕೆಲಸ ಕೆಟ್ಟರೆ, ಸಿಮೆಂಟ್ ಅಂಗಡಿಯ ಬಾಕಿ ಉಳಿದರೆ, ನಿಮ್ಮ ಸ್ವಂತ ಮನೆ, ಜಮೀನಿಗೆ ಕೈ ಬರುತ್ತದೆಯೇ? ಎರಡನೆಯದು ಕೆಲಸ ಕೊಡುವವರು ಏನು ಕೇಳುತ್ತಾರೆ ಎಂಬುದು. ಮೂರನೆಯದು ಆದಾಯ ತೆರಿಗೆ. ನಾಲ್ಕನೆಯದು ಪ್ರತಿ ವರ್ಷದ ಕಾಗದದ ಕೆಲಸ, ಅದರ ಫೀಸು, ಮರೆತರೆ ಬೀಳುವ ದಂಡ. ಐದನೆಯದು ಬ್ಯಾಂಕು: ಸಾಲ, ಓವರ್‌ಡ್ರಾಫ್ಟ್ (ಓಡಿ), ಟೆಂಡರ್‌ಗೆ ಬೇಕಾಗುವ ಬ್ಯಾಂಕ್ ಗ್ಯಾರಂಟಿ. ಕೊನೆಯದು ಮುಂದೆ ರೂಪ ಬದಲಿಸುವಾಗ ಆಗುವ ತೊಡಕು. ಇದನ್ನು ಯಾರೂ ಶುರುವಿನಲ್ಲಿ ಯೋಚಿಸುವುದಿಲ್ಲ.

ಜಿಎಸ್‌ಟಿ ಈ ಪಟ್ಟಿಯಲ್ಲಿ ಯಾಕಿಲ್ಲ ಅಂದರೆ, ಅದು ಸಂಸ್ಥೆಯ ರೂಪ ನೋಡುವುದಿಲ್ಲ. ಒಬ್ಬರೇ ಇದ್ದರೂ ಕಂಪನಿ ಇದ್ದರೂ ದರ ಒಂದೇ. ಅದು ನೋಡುವುದು ಕೆಲಸದ ಬಗೆಯನ್ನು. ಮೊದಲು ಅದನ್ನೇ ಮುಗಿಸಿಬಿಡೋಣ, ಏಕೆಂದರೆ ಜಾಸ್ತಿ ದುಡ್ಡು ಇರುವುದು ಅಲ್ಲಿ.

ಬರೀ ಲೇಬರ್, ಅಥವಾ ಮೆಟೀರಿಯಲ್ ಸಮೇತ?

ನಮ್ಮ ಊರುಗಳಲ್ಲಿ ಮನೆ ಕಟ್ಟುವ ಕಾಂಟ್ರಾಕ್ಟು ಎರಡು ಬಗೆ. ಮಾಲೀಕರೇ ಸಿಮೆಂಟ್, ಕಬ್ಬಿಣ, ಇಟ್ಟಿಗೆ, ಎಂ-ಸ್ಯಾಂಡ್ ತರಿಸಿಕೊಡುತ್ತಾರೆ, ನೀವು ಚದರಕ್ಕೆ ಇಷ್ಟು ಅಂತ ಕೂಲಿ ಹಿಡಿಯುತ್ತೀರಿ. ಇದು ಲೇಬರ್ ಕಾಂಟ್ರಾಕ್ಟ್. ಎಲ್ಲ ಸಾಮಾನೂ ನಿಮ್ಮದೇ ಆದರೆ ಮೆಟೀರಿಯಲ್ ಸಮೇತ. ಜಿಎಸ್‌ಟಿಯ ಕಣ್ಣಿಗೆ ಇವೆರಡೂ ಬೇರೆ ಬೇರೆ ವ್ಯಾಪಾರ.

ಬಿಡಿ ಮನೆಯೊಂದಕ್ಕೆ, ಅಂದರೆ ಅಪಾರ್ಟ್‌ಮೆಂಟಿನ ಭಾಗವಲ್ಲದ ಮನೆಗೆ, ಬರೀ ಕೂಲಿಯ ಕೆಲಸ ಮಾಡಿದರೆ ಜಿಎಸ್‌ಟಿ ಇಲ್ಲ. ಇದನ್ನು ಮಾತ್ರ ಮಾಡುವವರು ನೋಂದಣಿಯನ್ನೂ ಮಾಡಿಸಬೇಕಿಲ್ಲ. ಆದರೆ ಮಧ್ಯೆ ಒಂದು ಅಂಗಡಿ ಮಳಿಗೆಯ ಕೂಲಿ ಕೆಲಸ ಹಿಡಿದಿರೋ, ಮನೆ ಕೆಲಸದ ದುಡ್ಡೂ ಸೇರಿ ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. ತೆರಿಗೆ ಮಳಿಗೆಯ ಕೆಲಸಕ್ಕೆ ಮಾತ್ರ. 40 ಲಕ್ಷದ ಮಿತಿ ಅಂತ ಯಾರಾದರೂ ಹೇಳಿದರೆ ಅದು ಸರಕು ಮಾರುವವರಿಗೆ. ಕಾಂಟ್ರಾಕ್ಟ್ ಕಾನೂನಿನ ಲೆಕ್ಕದಲ್ಲಿ ಸೇವೆ, ಮಿತಿ 20 ಲಕ್ಷವೇ.

ಮೆಟೀರಿಯಲ್ ಸಮೇತ ಆದರೆ 18%. ಕೈಯಲ್ಲಿ ಹಿಡಿದು ನೋಡೋಣ. ಒಂದು ಮನೆಗೆ ತೆರಿಗೆ ಬಿಟ್ಟು 22 ಲಕ್ಷದ ಸಾಮಾನು, 12 ಲಕ್ಷ ಕೂಲಿ, 6 ಲಕ್ಷ ನಿಮ್ಮ ಲಾಭ ಅಂದುಕೊಳ್ಳಿ. ಒಟ್ಟು 40 ಲಕ್ಷ. 18% ಸೇರಿಸಿದರೆ ಮಾಲೀಕರಿಗೆ 47.2 ಲಕ್ಷದ ಬಿಲ್. ಸಿಮೆಂಟು, ಕಬ್ಬಿಣಕ್ಕೆ 18%, ಇಟ್ಟಿಗೆ ಮರಳಿಗೆ ಅದಕ್ಕಿಂತ ಕಮ್ಮಿ. ಒಟ್ಟಾರೆ ಸಾಮಾನಿನ ಮೇಲೆ ನೀವು ಕೊಟ್ಟ 3 ಲಕ್ಷ ತೆರಿಗೆ ನಿಮಗೆ ಕ್ರೆಡಿಟ್ ಆಗಿ ಸಿಗುತ್ತದೆ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟನ್ನು ಕಳೆದುಕೊಳ್ಳಬಹುದು. ಆದರೆ ಮನೆಯವರಿಗೆ ಆ 7.2 ಲಕ್ಷ ಪೂರಾ ಖರ್ಚು.

ಇನ್ನೊಂದು ದಾರಿ ಕಾಂಪೊಸಿಷನ್, ಸಣ್ಣ ವಹಿವಾಟಿನವರಿಗೆ ಇರುವ ಸರಳ ಜಿಎಸ್‌ಟಿ ಯೋಜನೆ. ವರ್ಷದ ವಹಿವಾಟು 50 ಲಕ್ಷದೊಳಗಿದ್ದರೆ ವಹಿವಾಟಿನ ಮೇಲೆ 6% ಕಟ್ಟಿದರೆ ಸಾಕು. ಕ್ರೆಡಿಟ್ ಸಿಗುವುದಿಲ್ಲ, ಬಿಲ್ಲಿನಲ್ಲಿ ತೆರಿಗೆ ಅಂತ ವಸೂಲಿ ಮಾಡುವ ಹಾಗೂ ಇಲ್ಲ, ಕೈಯಿಂದಲೇ ಕಟ್ಟಬೇಕು. ಅದೇ ಮನೆಗೆ ಸಾಮಾನಿನ ತೆರಿಗೆಯೂ ಸೇರಿ ನಿಮಗೆ 43 ಲಕ್ಷ ಬೇಕು, 6% ಕಟ್ಟಿದ ಮೇಲೂ ಅಷ್ಟು ಉಳಿಯಲು ಸುಮಾರು 45.75 ಲಕ್ಷ ಹೇಳಬೇಕು. ಮಾಲೀಕರಿಗೆ ಉಳಿಯುವುದು ಒಂದೂವರೆ ಲಕ್ಷದ ಹತ್ತಿರ. "6% ಎಲ್ಲಿ, 18% ಎಲ್ಲಿ" ಅಂತ ಕಂಡಷ್ಟು ದೊಡ್ಡ ಅಂತರವಲ್ಲ, ಅಲ್ವಾ? ಸಾಮಾನು ಜಾಸ್ತಿ ಇರುವ ಕೆಲಸಕ್ಕೆ ಕಾಂಪೊಸಿಷನ್ ಅಷ್ಟೇನೂ ಲಾಭವಿಲ್ಲ. ಕೂಲಿಯೇ ಹೆಚ್ಚಿರುವ ಪೇಂಟಿಂಗ್, ಟೈಲ್ಸ್, ರಿಪೇರಿಗೆ ಚೆನ್ನಾಗಿ ಹೊಂದುತ್ತದೆ. 50 ಲಕ್ಷದ ಮಿತಿ ಅಂದರೆ ಇಂಥ ಮನೆ ವರ್ಷಕ್ಕೆ ಒಂದೇ, ಅದನ್ನೂ ಮರೆಯಬೇಡಿ.

ಈಗ ಮಾಲೀಕರೇ ಸಾಮಾನು ತಂದರೆ? ತೆರಿಗೆ ಸೇರಿ 25 ಲಕ್ಷದ ಸಾಮಾನು, 12 ಲಕ್ಷ ಕೂಲಿ, ನಿಮಗೆ 4 ಲಕ್ಷ. 41 ಲಕ್ಷಕ್ಕೆ ಮನೆ ಎದ್ದಿತು. ನಮ್ಮಲ್ಲಿ ಲೇಬರ್ ಕಾಂಟ್ರಾಕ್ಟ್ ಇಷ್ಟು ಗಟ್ಟಿಯಾಗಿ ನಿಂತಿರುವುದಕ್ಕೆ ಇದೇ ದೊಡ್ಡ ಕಾರಣ. ಆದರೆ ನಿಮ್ಮ ಕಡೆಯಿಂದ ನೋಡಿ. ಲಾಭ ಇಳಿಯಿತು, ಪುಸ್ತಕದಲ್ಲಿ ವಹಿವಾಟು 16 ಲಕ್ಷ ಮಾತ್ರ. ಹೀಗೆ ಐದು ವರ್ಷ ದುಡಿದರೂ ಬ್ಯಾಂಕಿನವರ ಮುಂದೆ, ಟೆಂಡರಿನ ಮುಂದೆ ನೀವು ಸಣ್ಣವರೇ.

ಒಂದು ಎಚ್ಚರಿಕೆ. ಸಾಮಾನನ್ನೂ ನೀವೇ ಹಾಕಿ, ಬಿಲ್ಲಿನಲ್ಲಿ ಮಾತ್ರ ಲೇಬರ್ ಅಂತ ಬರೆಯುವುದು ಬೇಡ. ಸಿಮೆಂಟ್ ಬಿಲ್ಲು ಯಾರ ಹೆಸರಿಗೆ, ದುಡ್ಡು ಯಾರ ಖಾತೆಯಿಂದ ಹೋಯಿತು ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಸ್ವಂತ ಹೆಸರಿನಲ್ಲಿ

ಪ್ರೊಪ್ರೈಟರ್‌ಶಿಪ್ ಮಾಡಲು ಬೇರೆ ನೋಂದಣಿ ಬೇಕಿಲ್ಲ. ನಿಮ್ಮ ಪ್ಯಾನೇ ಸಾಕು. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಕರೆಂಟ್ ಅಕೌಂಟ್ ತೆರೆಯಲೂ ಅದು ಅನುಕೂಲ. ಒಂದು ವಾರದಲ್ಲಿ ಕೆಲಸ ಶುರು.

ಇದರ ದೊಡ್ಡ ಬಲ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 44ಎಡಿ. ವರ್ಷದ ವಹಿವಾಟು 2 ಕೋಟಿಯೊಳಗಿದ್ದರೆ, ನಗದು ವಸೂಲಿ 5% ಮೀರದಿದ್ದರೆ 3 ಕೋಟಿಯವರೆಗೆ, ಪುಸ್ತಕ ಇಡದೆ ಅಂದಾಜು ಲಾಭ ತೋರಿಸಿ ತೆರಿಗೆ ಕಟ್ಟಬಹುದು. ಬ್ಯಾಂಕಿನ ಮೂಲಕ ಬಂದ ದುಡ್ಡಿಗೆ ಕನಿಷ್ಠ 6%, ನಗದಿಗೆ 8%. ಒಂದೂವರೆ ಕೋಟಿ ವಹಿವಾಟು, ಎಲ್ಲವೂ ಬ್ಯಾಂಕಿನಲ್ಲಿ ಅಂದರೆ 9 ಲಕ್ಷ ಆದಾಯ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಬಿಲ್ಲಿನಲ್ಲಿ ಹಿಡಿದ ಟಿಡಿಎಸ್, ಅಂದರೆ ದುಡ್ಡು ಕೊಡುವವರು ಮೊದಲೇ ಕಳೆದು ಸರ್ಕಾರಕ್ಕೆ ಕಟ್ಟಿದ ತೆರಿಗೆ, ವಾಪಸ್ ಬರುತ್ತದೆ. ಮುಂಗಡ ತೆರಿಗೆ ಬೀಳುವಷ್ಟು ಆದಾಯ ಇದ್ದವರೂ ಮಾರ್ಚ್ 15ಕ್ಕೆ ಒಂದೇ ಕಂತಿನಲ್ಲಿ ಕಟ್ಟಿದರಾಯಿತು.

ಹಾಗಂತ ಇದು ಬಿಟ್ಟಿ ಅಲ್ಲ. 6% ಅನ್ನುವುದು ಕನಿಷ್ಠ. ನಿಜವಾದ ಲಾಭ ಅದಕ್ಕಿಂತ ಜಾಸ್ತಿ ಇದ್ದರೆ ಅದನ್ನೇ ತೋರಿಸಬೇಕು. ಒಮ್ಮೆ ಈ ದಾರಿ ಹಿಡಿದು ಮುಂದಿನ ಐದು ವರ್ಷದೊಳಗೆ ಬಿಟ್ಟರೆ, ಆಮೇಲಿನ ಐದು ವರ್ಷ ಮತ್ತೆ ಹತ್ತಲು ಬಿಡುವುದಿಲ್ಲ. ಇನ್ನು 9 ಲಕ್ಷ ಆದಾಯ ತೋರಿಸಿದವರು ಬ್ಯಾಂಕಿಗೆ ಹೋಗಿ 80 ಲಕ್ಷ ಸಾಲ ಕೇಳಿದರೆ ಮ್ಯಾನೇಜರು ರಿಟರ್ನ್ ತಿರುಗಿಸಿ ನೋಡುತ್ತಾರೆ, ಅಷ್ಟೇ. ಸಾಲ ಬೇಕಾಗುವ ಎರಡು ಮೂರು ವರ್ಷ ಮೊದಲೇ ಸರಿಯಾಗಿ ಪುಸ್ತಕ ಇಡಲು ಶುರು ಮಾಡಬೇಕು.

ಇನ್ನೊಂದು ಅನುಕೂಲ ಜನ ಗಮನಿಸುವುದಿಲ್ಲ. ಕಾಂಟ್ರಾಕ್ಟ್ ಬಿಲ್ಲುಗಳಿಗೆ ಸೆಕ್ಷನ್ 194ಸಿಯಲ್ಲಿ ಹಿಡಿಯುವ ಟಿಡಿಎಸ್ ಒಬ್ಬ ವ್ಯಕ್ತಿಯ ಬಿಲ್ಲಿಗೆ 1%, ಪಾಲುದಾರಿಕೆಗೂ ಕಂಪನಿಗೂ 2%. ವರ್ಷಕ್ಕೆ ಒಂದು ಕೋಟಿ ಬಿಲ್ ಮಾಡಿದರೆ ಒಂದು ಲಕ್ಷ ಸಿಕ್ಕಿಹಾಕಿಕೊಳ್ಳುವುದೋ, ಎರಡು ಲಕ್ಷವೋ ಎಂಬ ವ್ಯತ್ಯಾಸ ಅದು. ಕೊನೆಗೆ ವಾಪಸ್ ಬಂದರೂ ಅಲ್ಲಿಯವರೆಗೆ ಆ ದುಡ್ಡು ನಿಮ್ಮ ಕೈಯಲ್ಲಿ ಇರುವುದಿಲ್ಲ.

ತೊಂದರೆ ಹೊಣೆಯಲ್ಲಿದೆ. ಸಂಸ್ಥೆ ಅಂದರೆ ನೀವೇ. ಬಾಕಿಗೆ ನಿಮ್ಮ ಮನೆ, ಸೈಟು, ಎಲ್ಲವೂ ಉತ್ತರ ಕೊಡಬೇಕು. ನೀವು ಹೋದರೆ ಸಂಸ್ಥೆಯೂ ಮುಗಿಯಿತು. ಓಡುತ್ತಿರುವ ಕೆಲಸ, ಇಲಾಖೆಯಲ್ಲಿ ಇಟ್ಟ ಭದ್ರತಾ ಠೇವಣಿ, ಎಲ್ಲಕ್ಕೂ ಮನೆಯವರು ವಾರಸುದಾರರ ಕಾಗದ ಹಿಡಿದು ಓಡಾಡಬೇಕು.

ಪಾಲುದಾರಿಕೆ

ಒಬ್ಬರ ಬಳಿ ದುಡ್ಡು, ಇನ್ನೊಬ್ಬರ ಬಳಿ ಕೆಲಸ ಗೊತ್ತು. ಭಾವ ಭಾಮೈದ ಸೇರಿ ಕಾಂಟ್ರಾಕ್ಟ್ ಹಿಡಿಯುವುದು ಇಲ್ಲಿಂದಲೇ. 1932ರ ಕಾಯ್ದೆಯ ಪ್ರಕಾರ ಪಾಲುದಾರಿಕೆಯನ್ನು ನೋಂದಾಯಿಸಲೇಬೇಕು ಅಂತಿಲ್ಲ. ಹೆಚ್ಚಿನವರು ಸ್ಟ್ಯಾಂಪ್ ಪೇಪರಿನ ಮೇಲೆ ಡೀಡ್ ಬರೆಸಿ, ಪ್ಯಾನ್ ಮಾಡಿಸಿ ಅಲ್ಲಿಗೇ ನಿಲ್ಲಿಸುತ್ತಾರೆ. ಅಪಾಯ ಇರುವುದು ಅಲ್ಲಿ. ಆ ಕಾಯ್ದೆಯ ಸೆಕ್ಷನ್ 69 ಹೇಳುವುದು ಇಷ್ಟು: ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಬಳಿ ನೋಂದಾಯಿಸದ ಸಂಸ್ಥೆ, ಒಪ್ಪಂದದ ಹಕ್ಕು ಕೇಳಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಮನೆ ಮಾಲೀಕರು ಕೊನೆಯ ಕಂತು 8 ಲಕ್ಷ ಕೊಡದೆ ಸತಾಯಿಸಿದರೆ ನಿಮ್ಮ ವಕೀಲರು ಮೊದಲು ಕೇಳುವುದೇ ಆ ನೋಂದಣಿ ಪತ್ರವನ್ನು. ಮಾಲೀಕರು ನಿಮ್ಮ ಮೇಲೆ ಕೇಸು ಹಾಕಲು ಮಾತ್ರ ಯಾವ ಅಡ್ಡಿಯೂ ಇಲ್ಲ. ನನ್ನ ಮಟ್ಟಿಗೆ ನೋಂದಣಿ ಇಲ್ಲದ ಪಾಲುದಾರಿಕೆ ಒಂದು ಆಯ್ಕೆಯೇ ಅಲ್ಲ.

ಹೊಣೆ ಇಲ್ಲಿ ಒಂಟಿ ಮಾಲೀಕನಿಗಿಂತ ಭಾರ. ನಿಮ್ಮ ಪಾಲುದಾರರೊಬ್ಬರು ಸಂಸ್ಥೆಯ ಹೆಸರಿನಲ್ಲಿ ಕಬ್ಬಿಣ ಉದ್ರಿ ತಂದರೆ ಪೂರಾ ಬಾಕಿ ನಿಮ್ಮೊಬ್ಬರಿಂದಲೇ ವಸೂಲಿ ಮಾಡಬಹುದು, ನಿಮ್ಮ ಪಾಲು ಕಾಲುಭಾಗವೇ ಇದ್ದರೂ.

ತೆರಿಗೆ ನೇರ 30%, 4% ಸೆಸ್ ಸೇರಿ 31.2%. ಸ್ಲ್ಯಾಬ್ ಇಲ್ಲ, 12 ಲಕ್ಷದ ರಿಯಾಯಿತಿ ಇಲ್ಲ. 44ಎಡಿ ಪಾಲುದಾರಿಕೆಗೂ ಸಿಗುತ್ತದೆ, ಆದರೆ ಆ ಅಂದಾಜು ಲಾಭದಿಂದ ಪಾಲುದಾರರ ಸಂಬಳ ಕಳೆಯಲು ಬಿಡುವುದಿಲ್ಲ. ಮೇಲಿನ ಅದೇ ಒಂದೂವರೆ ಕೋಟಿ ವಹಿವಾಟಿಗೆ, 9 ಲಕ್ಷದ ಮೇಲೆ 2,80,800 ರೂಪಾಯಿ ತೆರಿಗೆ. ಒಬ್ಬರ ಹೆಸರಿನಲ್ಲಿ ಸೊನ್ನೆ ಇದ್ದದ್ದು! ಅದಕ್ಕೇ ಪಾಲುದಾರಿಕೆ ಮಾಡಿದವರು ಪುಸ್ತಕ ಇಟ್ಟು, ಸಂಬಳ ಕಳೆದು ಲೆಕ್ಕ ತೋರಿಸುವುದೇ ಮೇಲು. ಮೊದಲ 6 ಲಕ್ಷ ಲಾಭದಲ್ಲಿ 90% ಅಥವಾ 3 ಲಕ್ಷ, ಯಾವುದು ಜಾಸ್ತಿಯೋ ಅದು, ಉಳಿದದ್ದರಲ್ಲಿ 60% ಸಂಬಳವಾಗಿ ಕಳೆಯಬಹುದು. ಡೀಡ್‌ನಲ್ಲಿ ಇದು ಬರೆದಿರಬೇಕು, ಬರೆಯದ ಸಂಬಳ ಕಳೆಯಲಾಗುವುದಿಲ್ಲ. 2025ರ ಏಪ್ರಿಲ್‌ನಿಂದ ಇನ್ನೊಂದು ಸೇರಿದೆ: ಪಾಲುದಾರರಿಗೆ ಕೊಡುವ ಸಂಬಳ, ಬಡ್ಡಿ ವರ್ಷಕ್ಕೆ 20,000 ದಾಟಿದರೆ ಸಂಸ್ಥೆ 10% ಟಿಡಿಎಸ್ ಹಿಡಿಯಬೇಕು. ಟಿಡಿಎಸ್ ಕಟ್ಟಲು ಬೇಕಾದ ಟ್ಯಾನ್ ನಂಬರ್ ಮಾಡಿಸುವುದು, ಮೂರು ತಿಂಗಳಿಗೊಮ್ಮೆ ಟಿಡಿಎಸ್ ರಿಟರ್ನ್ ಕೊಡುವುದು ಹೀಗೆ ಸಣ್ಣ ಪಾಲುದಾರಿಕೆಗೂ ಬಂತು.

ಎಲ್‌ಎಲ್‌ಪಿ

ಅಂದರೆ ಲಿಮಿಟೆಡ್ ಲಯಬಿಲಿಟಿ ಪಾರ್ಟ್ನರ್‌ಶಿಪ್. 2008ರ ಕಾಯ್ದೆಯ ಈ ರೂಪದಲ್ಲಿ ಪಾಲುದಾರಿಕೆಯ ಸಡಿಲವೂ ಇದೆ, ಕಂಪನಿಯ ಹಾಗೆ ಹೊಣೆಗೆ ಮಿತಿಯೂ ಇದೆ. ತೆರಿಗೆ ಪಾಲುದಾರಿಕೆಯದ್ದೇ, 31.2%, ಸಂಬಳದ ಲೆಕ್ಕವೂ ಅದೇ. ಪ್ರತಿ ವರ್ಷ ಮೇ 30ಕ್ಕೆ ವಾರ್ಷಿಕ ರಿಟರ್ನ್ (ಫಾರ್ಮ್ 11), ಅಕ್ಟೋಬರ್ 30ಕ್ಕೆ ಲೆಕ್ಕಪತ್ರ (ಫಾರ್ಮ್ 8). ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟಿದರೆ ಆಡಿಟ್. ಕಟ್ಟಡದ ಕೆಲಸದಲ್ಲಿ 40 ಲಕ್ಷ ಅಂದರೆ ಒಂದು ಮನೆ, ಹಾಗಾಗಿ ಆಡಿಟ್ ಇದ್ದೇ ಇರುತ್ತದೆ ಅಂದುಕೊಳ್ಳಿ.

44ಎಡಿ ಮಾತ್ರ ಎಲ್‌ಎಲ್‌ಪಿಗೆ ಇಲ್ಲ. ಹೀಗಾಗಿ ಸಣ್ಣ ಕಾಂಟ್ರಾಕ್ಟರಿಗೆ ಇದು ಹೊಂದುವುದಿಲ್ಲ. ಯಾರಿಗೆ ಹೊಂದುತ್ತದೆ ಎಂಬುದನ್ನು ಫ್ಲ್ಯಾಟ್ ಕಟ್ಟಿ ಮಾರುವವರ ಮಾತು ಬಂದಾಗ ಹೇಳುತ್ತೇನೆ.

ಪ್ರೈವೇಟ್ ಲಿಮಿಟೆಡ್

ಕಂಪನಿಗೆ ಸೆಕ್ಷನ್ 115ಬಿಎಎಯ ಕಮ್ಮಿ ದರ ಆರಿಸಿಕೊಂಡರೆ 22%, ಸರ್ಚಾರ್ಜ್ ಸೆಸ್ ಸೇರಿ 25.168%. ನಿರ್ದೇಶಕರಾಗಿ ನೀವು ಸಂಬಳ ತೆಗೆದುಕೊಳ್ಳಬಹುದು, ಅದು ಕಂಪನಿಗೆ ಖರ್ಚು. ಸಂಬಳದವರಿಗೆ 75,000 ಕಡಿತ ಬೇರೆ ಇರುವುದರಿಂದ 12.75 ಲಕ್ಷ ಸಂಬಳದವರೆಗೆ ನಿಮಗೆ ತೆರಿಗೆ ಬೀಳುವುದಿಲ್ಲ.

ಎರಡು ಮಟ್ಟದಲ್ಲಿ ಹೋಲಿಸಿ ನೋಡಿ. ಪುಸ್ತಕದ ಪ್ರಕಾರ ನಿಜ ಲಾಭ 15 ಲಕ್ಷ ಇದೆ ಅನ್ನಿ. ಸ್ವಂತ ಹೆಸರಿನಲ್ಲಿ 1,09,200 ತೆರಿಗೆ. ಇಬ್ಬರ ಪಾಲುದಾರಿಕೆಯಲ್ಲಿ, ಅಥವಾ ಎಲ್‌ಎಲ್‌ಪಿಯಲ್ಲಿ, 10.8 ಲಕ್ಷ ಸಂಬಳ ಕಳೆದು ಉಳಿದ 4.2 ಲಕ್ಷಕ್ಕೆ 1,31,040. ಇಬ್ಬರೂ 5.4 ಲಕ್ಷದವರಾದ್ದರಿಂದ ಅವರಿಗೆ ಬೇರೆ ತೆರಿಗೆ ಇಲ್ಲ. ಕಂಪನಿಯಲ್ಲಿ 12.75 ಲಕ್ಷ ಸಂಬಳ ತೆಗೆದರೆ ಉಳಿದ 2.25 ಲಕ್ಷಕ್ಕೆ ಸುಮಾರು 56,600. ಉಳಿಯಿತು ಐವತ್ತು ಸಾವಿರ. ಆಡಿಟ್ ಫೀಸು, ಕಂಪನಿ ಫೈಲಿಂಗಿನ ಖರ್ಚು ಕೊಟ್ಟ ಮೇಲೆ ಎಷ್ಟು ಉಳಿಯುತ್ತದೆ ಅಂತ ನಿಮ್ಮ ಊರಿನ ಆಡಿಟರನ್ನೇ ಕೇಳಿ.

ಈಗ ಲಾಭ 50 ಲಕ್ಷ. ಸ್ವಂತ ಹೆಸರಿನಲ್ಲಿ 11,23,200. ಇಬ್ಬರ ಪಾಲುದಾರಿಕೆಯಲ್ಲಿ ಸಂಸ್ಥೆಯದ್ದೂ ಪಾಲುದಾರರದ್ದೂ ಸೇರಿ 8,14,320. ಇಬ್ಬರು ನಿರ್ದೇಶಕರು ತಲಾ 15.75 ಲಕ್ಷ ಸಂಬಳ ಪಡೆಯುವ ಕಂಪನಿಯಲ್ಲಿ ಒಟ್ಟು 6.84 ಲಕ್ಷದ ಹತ್ತಿರ. ಇಲ್ಲಿ ಕಂಪನಿ ನಿಜವಾಗಿ ಗೆಲ್ಲುತ್ತದೆ. ಆದರೆ ಕಂಪನಿಯಲ್ಲಿ ಉಳಿದ ಲಾಭ ಕಂಪನಿಯದ್ದು. ಮಗಳ ಮದುವೆಗೆ ಅಂತ ಹೊರಗೆ ತೆಗೆದರೆ ಡಿವಿಡೆಂಡ್ ಆಗಿ ಮತ್ತೆ ನಿಮ್ಮ ಸ್ಲ್ಯಾಬ್‌ನಲ್ಲಿ ತೆರಿಗೆ. ಪಾಲುದಾರಿಕೆಯಲ್ಲಿ, ಎಲ್‌ಎಲ್‌ಪಿಯಲ್ಲಿ ತೆರಿಗೆ ಕಟ್ಟಿದ ಮೇಲಿನ ಲಾಭವನ್ನು ಸುಮ್ನೆ ತೆಗೆದುಕೊಳ್ಳಬಹುದು. ಲಾಭವನ್ನು ಮತ್ತೆ ಸೆಂಟ್ರಿಂಗ್ ಶೀಟು, ಮಿಕ್ಸರ್, ಜೆಸಿಬಿಗೆ ಹಾಕುವವರಿಗೆ ಕಂಪನಿ. ವರ್ಷದ ಕೊನೆಗೆ ಮನೆಗೆ ಒಯ್ಯುವವರಿಗೆ ಅಲ್ಲ.

ಕಾಗದದ ಶಿಸ್ತು ಬೇಕೇ ಬೇಕು. ಒಂದು ರೂಪಾಯಿ ವ್ಯವಹಾರ ಇಲ್ಲದಿದ್ದರೂ ಆಡಿಟ್ ಕಡ್ಡಾಯ. ವಾರ್ಷಿಕ ಸಭೆಯ ನಂತರ 30 ದಿನದಲ್ಲಿ ಲೆಕ್ಕಪತ್ರದ ಫಾರ್ಮ್ ಎಒಸಿ-4, 60 ದಿನದಲ್ಲಿ ವಾರ್ಷಿಕ ರಿಟರ್ನ್ ಎಂಜಿಟಿ-7. ತಡವಾದರೆ ಒಂದೊಂದು ಫಾರ್ಮಿಗೂ ದಿನಕ್ಕೆ 100 ರೂಪಾಯಿ. ಎರಡೂ ಒಂದು ವರ್ಷ ಮರೆತರೆ 73,000. ಮೂರು ವರ್ಷ ಸತತ ಬಿಟ್ಟರೆ ಐದು ವರ್ಷ ಯಾವ ಕಂಪನಿಯಲ್ಲೂ ನಿರ್ದೇಶಕರಾಗುವ ಹಾಗಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಕಂಪನಿ ಮಾಡಿಸಿಕೊಂಡವರು ಒದ್ದಾಡುವುದು ಇಲ್ಲೇ. ಒಬ್ಬರೇ ಇದ್ದು ಕಂಪನಿ ಬೇಕೆನ್ನುವವರಿಗೆ ಒಪಿಸಿ (ಒನ್ ಪರ್ಸನ್ ಕಂಪನಿ) ಇದೆ. ದರ, ಆಡಿಟ್ ಎಲ್ಲ ಹೆಚ್ಚುಕಮ್ಮಿ ಇದೇ ಥರ.

ಹೊಣೆಯ ಬಗ್ಗೆ ಎರಡು ಮಾತು. ಬ್ಯಾಂಕು ಹೊಸ ಕಂಪನಿಗೆ ಸಾಲ ಕೊಡುವಾಗ ನಿರ್ದೇಶಕರ ವೈಯಕ್ತಿಕ ಜಾಮೀನು ಕೇಳುತ್ತದೆ. ಸಹಿ ಹಾಕಿದ ದಿನವೇ ಆ ಸಾಲದ ಮಟ್ಟಿಗೆ ಮಿತಿ ಹೋಯಿತು. ಪ್ರೈವೇಟ್ ಕಂಪನಿಯ ಆದಾಯ ತೆರಿಗೆ, ಜಿಎಸ್‌ಟಿ ಬಾಕಿ ಕಂಪನಿಯಿಂದ ವಸೂಲಿಯಾಗದಿದ್ದರೆ ನಿರ್ದೇಶಕರಿಂದ ವಸೂಲಿ ಮಾಡಲೂ ಕಾನೂನಿದೆ. ನಿಮ್ಮ ಕಡೆಯಿಂದ ದೊಡ್ಡ ನಿರ್ಲಕ್ಷ್ಯ ಆಗಿಲ್ಲ ಅಂತ ನೀವೇ ಸಾಬೀತು ಮಾಡಬೇಕು. ಸೈಟಿನಲ್ಲಿ ಸೆಂಟ್ರಿಂಗ್ ಕುಸಿದು ಜೀವ ಹೋದರೆ ನಿರ್ಲಕ್ಷ್ಯದ ಕ್ರಿಮಿನಲ್ ಕೇಸಿಗೆ ಕಂಪನಿಯ ಹೆಸರು ಅಡ್ಡ ಬರುವುದಿಲ್ಲ, ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ ಐದು ವರ್ಷದವರೆಗೆ ಜೈಲು. ಹಾಗಾದರೆ ಕಂಪನಿ ಕಾಪಾಡುವುದು ಯಾವುದರಿಂದ? ಸಾಮಾನು ಕೊಟ್ಟವರ ಬಾಕಿಯಿಂದ, ಕೆಲಸ ಕೊಟ್ಟವರು ಕೇಳುವ ನಷ್ಟದಿಂದ. ದೊಡ್ಡ ಕೆಲಸಗಳಲ್ಲಿ ಅದೂ ಸಣ್ಣ ಮೊತ್ತವಲ್ಲ.

ಬಿಲ್ಲು ಯಾರಿಗೆ, ಅದರ ಮೇಲೆ ತೀರ್ಮಾನ

ಬಿಡಿ ಮನೆಗಳನ್ನೇ ನಂಬಿದವರು ಸ್ವಂತ ಹೆಸರಿನಲ್ಲಿ ಇರಿ. ಮನೆ ಮಾಲೀಕರು ನಂಬುವುದು ನಿಮ್ಮನ್ನು, ನಿಮ್ಮ ಲೆಟರ್‌ಹೆಡ್ಡನ್ನಲ್ಲ. 44ಎಡಿ, ಕಮ್ಮಿ ಕಾಗದ, ಎರಡೂ ನಿಮ್ಮ ಕಡೆಗೇ ಇವೆ.

ದೊಡ್ಡ ಬಿಲ್ಡರುಗಳ ಬಳಿ ಸಬ್ ಕಾಂಟ್ರಾಕ್ಟ್ ಹಿಡಿಯುವವರಿಗೆ ಜಿಎಸ್‌ಟಿ ನೋಂದಣಿ ಮೊದಲ ದಿನದಿಂದ ಬೇಕಾಗುತ್ತದೆ. ಮೇಲಿನವರೂ ಗುತ್ತಿಗೆದಾರರಾದರೆ ಅವರಿಗೆ ಕ್ರೆಡಿಟ್ ಬೇಕು, ಕಾಂಪೊಸಿಷನ್‌ನವರ ಬಿಲ್ಲಿನಲ್ಲಿ ಅದು ಸಿಗುವುದಿಲ್ಲ. ಇಲ್ಲಿ ಕಷ್ಟ ತೆರಿಗೆಯ ದರದ್ದಲ್ಲ, ತಾರೀಕಿನದು. ಬಿಲ್ ಕೊಟ್ಟ ಮರುತಿಂಗಳ 11ಕ್ಕೆ ಬಿಲ್ಲುಗಳ ವಿವರದ ರಿಟರ್ನ್ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕದ ರಿಟರ್ನ್ 3ಬಿ ಮತ್ತು ತೆರಿಗೆ. ಮೇಲಿನವರು ದುಡ್ಡು ಕೊಡುವುದು ಮೂರು ತಿಂಗಳಿಗೆ. 20 ಲಕ್ಷದ ಬಿಲ್ಲಿಗೆ 3.6 ಲಕ್ಷ ತೆರಿಗೆ, ಕ್ರೆಡಿಟ್ ಕಳೆದು ಉಳಿದದ್ದನ್ನು ನೀವು ಕೈಯಿಂದ ಕಟ್ಟಿ ಕಾಯಬೇಕು. ಆದ್ದರಿಂದ ವರ್ಕ್ ಆರ್ಡರ್‌ನಲ್ಲಿ ದುಡ್ಡು ಯಾವಾಗ ಎಂಬ ಸಾಲನ್ನು ಎರಡು ಸಲ ಓದಿ. ದೀರ್ಘ ಕೆಲಸಗಳಿಗೆ ಕಾನೂನು ಹೇಳುವುದು: ಒಪ್ಪಂದದಲ್ಲಿ ಪಾವತಿಯ ದಿನ ಗೊತ್ತುಮಾಡಿದ್ದರೆ ಆ ದಿನದೊಳಗೆ ಬಿಲ್, ಸ್ಲ್ಯಾಬ್ ಮುಗಿದಾಗ ಎಂದಿದ್ದರೆ ಸ್ಲ್ಯಾಬ್ ಮುಗಿದಾಗ, ಏನೂ ಗೊತ್ತಾಗದ ಹಾಗಿದ್ದರೆ ದುಡ್ಡು ಬಂದಾಗ. ಉದ್ಯಮ್ ನೋಂದಣಿ ಇದ್ದರೆ ಇನ್ನೊಂದು ಅಸ್ತ್ರ ಸಿಗುತ್ತದೆ. ಸೂಕ್ಷ್ಮ, ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಕೊಡದ ದುಡ್ಡನ್ನು ಮೇಲಿನವರು ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ, ನಿಜವಾಗಿ ಕೊಟ್ಟ ವರ್ಷದಲ್ಲೇ ತೋರಿಸಬೇಕು. ಮಾರ್ಚ್ ಕೊನೆಗೆ ಫೋನ್ ಮಾಡಿ ಇದನ್ನು ನೆನಪಿಸಿದರೆ ಕೆಲವರಾದರೂ ಚೆಕ್ ಬರೆಯುತ್ತಾರೆ.

ಸರ್ಕಾರಿ ಕೆಲಸಕ್ಕೆ ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರ ನೋಂದಣಿ ಬೇಕು, 4ನೇ ದರ್ಜೆಯಿಂದ ಶುರುವಾಗಿ 1ನೇ ದರ್ಜೆಯವರೆಗೆ. ಟೆಂಡರ್ ಹಾಕುವುದು ರಾಜ್ಯ ಸರ್ಕಾರದ ಕೆಪಿಪಿಪಿ ಖರೀದಿ ಪೋರ್ಟಲ್‌ನಲ್ಲಿ. ಇಲ್ಲಿ ಬಿಲ್ ಪಾಸಾದರೂ ಪೂರಾ ಕೈಗೆ ಬರುವುದಿಲ್ಲ. 10 ಲಕ್ಷದ ಬಿಲ್ಲಿನ ಕಟಾವಣೆ ಚೀಟಿ ನೋಡಿ: ಆದಾಯ ತೆರಿಗೆ ಟಿಡಿಎಸ್ 10,000, ಕಂಪನಿಯಾದರೆ 20,000. ಎರಡೂವರೆ ಲಕ್ಷ ದಾಟಿದ ಗುತ್ತಿಗೆಗೆ ಜಿಎಸ್‌ಟಿ ಟಿಡಿಎಸ್ 2%, ಅಂದರೆ 20,000. ಕಟ್ಟಡ ಕಾರ್ಮಿಕರ ಸೆಸ್ 1%, ಇನ್ನು 10,000. ಜಲ್ಲಿ, ಮರಳಿಗೆ ಪರ್ಮಿಟ್ ತೋರಿಸದಿದ್ದರೆ ರಾಯಲ್ಟಿ. ಅದರ ಮೇಲೆ ಭದ್ರತಾ ಠೇವಣಿ. ಮೊದಲ ಎರಡು ನಿಮ್ಮದೇ ದುಡ್ಡು, ರಿಟರ್ನ್ ಸರಿಯಾಗಿ ಕೊಟ್ಟರೆ ಲೆಕ್ಕಕ್ಕೆ ಬರುತ್ತದೆ. ಸೆಸ್, ರಾಯಲ್ಟಿ ಖರ್ಚು, ಟೆಂಡರ್ ದರ ಬರೆಯುವಾಗಲೇ ಹಿಡಿದಿರಬೇಕು. ದರ ಜಿಎಸ್‌ಟಿ ಸೇರಿಯೋ ಹೊರತುಪಡಿಸಿಯೋ ಎಂಬುದನ್ನೂ ನೋಡಿ. ಸರ್ಕಾರಿ ಕಾಮಗಾರಿಗಳಿಗೆ ಇದ್ದ 12% ದರ 2022ರ ಜುಲೈ 18ಕ್ಕೆ 18% ಆದಾಗ, ಹಳೆಯ ದರಕ್ಕೆ ಟೆಂಡರ್ ಹಿಡಿದವರಿಗೆ ಆ 6% ಎಲ್ಲಿಂದ ತರುವುದು ಎಂಬ ಪ್ರಶ್ನೆ ಎದುರಾಗಿತ್ತು.

ಸರ್ಕಾರಿ ಕೆಲಸಕ್ಕೆ ಯಾವ ರೂಪ? ಕೆಳಗಿನ ದರ್ಜೆಗೆ ಸ್ವಂತ ಹೆಸರು ಧಾರಾಳ ಸಾಕು. ಕೋಟಿಗಟ್ಟಲೆ ಕಾಮಗಾರಿಗೆ ಇಬ್ಬರು ಮೂವರ ಬಂಡವಾಳ ಬೇಕಾದಾಗ ನೋಂದಾಯಿತ ಪಾಲುದಾರಿಕೆ ಅಥವಾ ಕಂಪನಿ. ಬಿಲ್ ಬಾಕಿ ಉಳಿದರೆ ಎಷ್ಟು ತಿಂಗಳು ತಡೆದುಕೊಳ್ಳಬಲ್ಲಿರಿ ಎಂಬುದೇ ಇಲ್ಲಿ ನಿಜವಾದ ಬಜೆಟ್.

ಫ್ಲ್ಯಾಟ್ ಕಟ್ಟಿ ಮಾರುವವರ ಲೋಕ ಬೇರೆ. ಜಾಗ 500 ಚದರ ಮೀಟರ್ ಅಥವಾ ಮನೆಗಳು ಎಂಟು ದಾಟಿದರೆ ರಿಯಲ್ ಎಸ್ಟೇಟ್ ಪ್ರಾಧಿಕಾರದ (ರೇರಾ) ನೋಂದಣಿ, ಗ್ರಾಹಕರ ದುಡ್ಡಿನಲ್ಲಿ 70% ಪ್ರತ್ಯೇಕ ಖಾತೆಗೆ. ಜಿಎಸ್‌ಟಿ 2019ರ ಏಪ್ರಿಲ್‌ನಿಂದ 5%, ಕೈಗೆಟುಕುವ ಮನೆಗೆ 1%, ಕ್ರೆಡಿಟ್ ಇಲ್ಲ. ಅಂದರೆ ಸಿಮೆಂಟಿಗೆ, ಕಾಂಟ್ರಾಕ್ಟರಿಗೆ ಕೊಟ್ಟ 18% ಎಲ್ಲ ಖರ್ಚೇ. ಇಲ್ಲಿ ಎಲ್‌ಎಲ್‌ಪಿಗೆ ಬೆಲೆ ಬರುತ್ತದೆ. ಜಮೀನಿನವರು, ದುಡ್ಡಿನವರು, ಕಟ್ಟುವವರು ಮೂವರೂ ಒಂದು ಪ್ರಾಜೆಕ್ಟಿಗೆ ಸೇರುತ್ತಾರೆ, ಮಾರಾಟ ಮುಗಿದ ಮೇಲೆ ಲಾಭ ಹಂಚಿಕೊಂಡು ಬೇರೆಯಾಗುತ್ತಾರೆ. ಡಿವಿಡೆಂಡ್ ತೆರಿಗೆಯ ತಲೆನೋವಿಲ್ಲ, ಒಂದು ಪ್ರಾಜೆಕ್ಟಿನ ಜಗಳ ಇನ್ನೊಂದಕ್ಕೆ ಹತ್ತುವುದಿಲ್ಲ.

ಶನಿವಾರದ ಬಟವಾಡೆ

ಯಾವ ರೂಪ ಆರಿಸಿದರೂ ಕಾಂಟ್ರಾಕ್ಟರುಗಳು ಸಿಕ್ಕಿಬೀಳುವುದು ಇಲ್ಲೇ. ಶನಿವಾರ ಸಂಜೆ ಮೇಸ್ತ್ರಿಯ ಕೈಗೆ 60,000 ನಗದು ಕೊಡುತ್ತೀರಿ, ಅವರು ಗಾರೆಯವರಿಗೆ, ಹೆಲ್ಪರುಗಳಿಗೆ ಹಂಚುತ್ತಾರೆ. ಪುಸ್ತಕದಲ್ಲಿ "ಮೇಸ್ತ್ರಿಗೆ 60,000" ಅಂತ ಒಂದೇ ಸಾಲು. ಒಬ್ಬರಿಗೆ ಒಂದು ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ಒಪ್ಪುವುದಿಲ್ಲ. ಪುಸ್ತಕ ಇಟ್ಟವರಿಗೆ ಆ 60,000 ಲಾಭವಾಗಿ ಲೆಕ್ಕಕ್ಕೆ ಬರುತ್ತದೆ, ಅದಕ್ಕೂ ತೆರಿಗೆ. ಎರಡು ದಾರಿ ಇವೆ. ಮೇಸ್ತ್ರಿ ನಿಜವಾಗಿ ಸಬ್ ಕಾಂಟ್ರಾಕ್ಟರ್ ಆಗಿದ್ದರೆ ಅವರ ಪ್ಯಾನ್ ಪಡೆದು ಬ್ಯಾಂಕಿಗೆ ಹಾಕಿ. ಹಿಂದಿನ ವರ್ಷ ನಿಮ್ಮ ವಹಿವಾಟು ಒಂದು ಕೋಟಿ ದಾಟಿದ್ದರೆ 1% ಟಿಡಿಎಸ್ ಹಿಡಿಯಿರಿ, ಪಾಲುದಾರಿಕೆ, ಕಂಪನಿಗಳಾದರೆ ವಹಿವಾಟು ಎಷ್ಟೇ ಇರಲಿ. ಒಂದು ಬಿಲ್ 30,000 ಅಥವಾ ವರ್ಷಕ್ಕೆ ಒಂದು ಲಕ್ಷ ದಾಟಿದರೆ ಇದು ಬೇಕು, ಹಿಡಿದದ್ದನ್ನು ಮರುತಿಂಗಳ 7ಕ್ಕೆ ಕಟ್ಟಬೇಕು. ಆಳುಗಳು ನಿಮ್ಮವರೇ ಆಗಿದ್ದರೆ ಮಸ್ಟರ್ ರೋಲ್ ಇಡಿ: ಹೆಸರು, ದಿನ, ದರ, ಸಹಿ ಅಥವಾ ಹೆಬ್ಬೆಟ್ಟು. ಒಬ್ಬೊಬ್ಬರದು ವಾರಕ್ಕೆ 10,000ದೊಳಗೇ ಬರುತ್ತದೆ.

ಆಳುಗಳ ಸಂಖ್ಯೆ 10 ಆದರೆ ಇಎಸ್‌ಐ, 20 ಆದರೆ ಪಿಎಫ್. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುದರಿಂದ ಲೇಬರ್ ಲೈಸೆನ್ಸಿನ ನಿಯಮವನ್ನು ಕಾರ್ಮಿಕ ಇಲಾಖೆಯಲ್ಲೇ ವಿಚಾರಿಸಿ. ವೃತ್ತಿ ತೆರಿಗೆ ವರ್ಷಕ್ಕೆ 2,500.

ಮುಂದೆ ಬದಲಾಯಿಸುವುದಾದರೆ

ಸ್ವಂತ ಹೆಸರಿನಲ್ಲಿ ಶುರು ಮಾಡಿ, ಲಾಭ 30-40 ಲಕ್ಷದ ಹತ್ತಿರ ನಿಂತಾಗ ಕಂಪನಿ ಮಾಡುವುದು ಬಹಳ ಜನರಿಗೆ ಸರಿಹೊಂದುವ ದಾರಿ. ವ್ಯಾಪಾರ ಪೂರಾ ಕಂಪನಿಗೆ ವರ್ಗಾಯಿಸಿ, ಬದಲಿಗೆ ಷೇರು ಮಾತ್ರ ಪಡೆದು, ಅರ್ಧಕ್ಕಿಂತ ಕಮ್ಮಿಯಾಗದಷ್ಟು ಪಾಲನ್ನು ಐದು ವರ್ಷ ಉಳಿಸಿಕೊಂಡರೆ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ. ಉಳಿದ ಜಿಎಸ್‌ಟಿ ಕ್ರೆಡಿಟನ್ನು ಐಟಿಸಿ-02 ಫಾರ್ಮಿನಲ್ಲಿ ಕಳಿಸಬಹುದು. ಟೆಂಡರ್ ಅನುಭವ ಮಾತ್ರ ಅಷ್ಟು ಸಲೀಸಾಗಿ ಹೋಗುವುದಿಲ್ಲ. ಟೆಂಡರ್ ಕೇಳುವುದು ಬಿಡ್ ಹಾಕಿದವರ ಹೆಸರಿನ ವಹಿವಾಟು, ಅವರ ಹೆಸರಿನ ಕೆಲಸ ಮುಗಿಸಿದ ಪತ್ರ. ಸರ್ಕಾರಿ ಕೆಲಸದ ಮೇಲೆ ಕಣ್ಣಿಟ್ಟವರು ಇದಕ್ಕೇ ಬೇಗ ನಿರ್ಧರಿಸಬೇಕು.

ಬದಲಾಯಿಸುವ ವರ್ಷ ಹಿಡಿದ ಕೆಲಸಗಳನ್ನು ಹಳೆಯ ಹೆಸರಿನಲ್ಲೇ ಮುಗಿಸಿ, ಹೊಸ ಕೆಲಸವನ್ನು ಹೊಸ ಹೆಸರಿನಲ್ಲಿ ಹಿಡಿಯುವುದು ಸುಲಭ. ಹಳೆಯ ಜಿಎಸ್‌ಟಿ ನಂಬರನ್ನೂ ಕರೆಂಟ್ ಅಕೌಂಟನ್ನೂ ಅವಸರಕ್ಕೆ ಮುಚ್ಚಬೇಡಿ. ತಡೆಹಿಡಿದ ದುಡ್ಡು, ಕೆಲಸದ ದೋಷಕ್ಕೆ ನೀವು ಹೊಣೆಯಾಗಿರುವ ಅವಧಿ ಮುಗಿದ ಮೇಲೆ ಬರುವ ಠೇವಣಿ, ಎಲ್ಲವೂ ಆ ಹಳೆಯ ಖಾತೆಗೇ ಬರಬೇಕು.